ಅಯಸ್ಕಾಂತ ಇಟ್ಟರೆ ಇಲಿಯ ಕಲಿಕೆ ಬದಲಾಗುತ್ತದೆಯೇ?

ಪ್ರಶ್ನೆ: ಪದವಿ ತರಗತಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳ ಒಂದು ತಂಡ ಇಲಿಯ ವ್ಯೂಹದ (ಕವಲುದಾರಿಗಳ ಪೆಟ್ಟಿಗೆಯ) ಸುತ್ತ ಅಯಸ್ಕಾಂತಗಳನ್ನಿಟ್ಟು, ದಾರಿ ಕಲಿಯುವುದರಲ್ಲಿ ಏನಾದರೂ ವ್ಯತ್ಯಾಸ ಆಗುತ್ತದೆಯೇ ಎಂದು ನೋಡಬೇಕೆಂದಿದೆ. ಕಾಂತಕ್ಷೇತ್ರ ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎಂದು ಒಂದು ಕಡೆ, ಕುಗ್ಗಿಸುತ್ತದೆ ಎಂದು ಇನ್ನೊಂದು ಕಡೆ ಓದಿದ್ದೇವೆ. ಇದರಲ್ಲಿ ಖಚಿತವಾಗಿ ತಿಳಿದಿರುವುದು ಎಷ್ಟು? ಪ್ರಯೋಗ ಮಾಡುವುದೇ ಆದರೆ ಹೇಗೆ?

ಉತ್ತರ: ಅಯಸ್ಕಾಂತ ತರಿಸುವ ಮೊದಲೇ ತಂಡ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಪ್ರಾಣಿ ಕಾಂತಕ್ಷೇತ್ರವನ್ನು ಗ್ರಹಿಸಿ ಅದನ್ನೇ ಒಂದು ಗುರುತಾಗಿ ಕಲಿಯುವುದು ಬೇರೆ. ಕಾಂತಕ್ಷೇತ್ರ ಪ್ರಾಣಿಯ ಕಲಿಯುವ ಶಕ್ತಿಯನ್ನೇ ಏರುಪೇರು ಮಾಡುವುದು ಬೇರೆ. ಮೊದಲನೆಯದಕ್ಕೆ 1960ರ ದಶಕದಿಂದೀಚೆಗೆ ಒಳ್ಳೆಯ ಪುರಾವೆ ಕೂಡಿಬಂದಿದೆ. ಎರಡನೆಯದರಲ್ಲಿ ಒಂದು ಲ್ಯಾಬಿನಲ್ಲಿ ಸಿಕ್ಕ ಫಲಿತಾಂಶ ಇನ್ನೊಂದರಲ್ಲಿ ಸಿಗದೆ ಹೋಗುವುದು ಸಾಮಾನ್ಯ. ಖಚಿತವಾಗಿ ಸಿಕ್ಕ ಕಡೆಯೂ ಪರಿಣಾಮ ಕಲಿಕೆಯ ಮೇಲೆ ಆಗಿದ್ದಲ್ಲ ಎಂದು ಆಮೇಲೆ ತಿಳಿದುಬಂದದ್ದುಂಟು. ನೀವು ಓದಿದ ಎರಡೂ ಬಗೆಯ ಸುದ್ದಿ ಈ ಎರಡನೆಯ ಗುಂಪಿಗೆ ಸೇರಿದವು.

ಇನ್ನು ಬಲದ ಲೆಕ್ಕ. ಕಾಂತಕ್ಷೇತ್ರದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ, ಅದರ ಹತ್ತು ಲಕ್ಷದ ಒಂದು ಭಾಗ ಮೈಕ್ರೋಟೆಸ್ಲಾ. ಭೂಮಿಯ ಕಾಂತಕ್ಷೇತ್ರ ಸ್ಥಳದಿಂದ ಸ್ಥಳಕ್ಕೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ ಇರುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ, ಅಂದರೆ ಭೂಮಿಯದರ ಹತ್ತಾರು ಸಾವಿರ ಪಟ್ಟು. ಜೊತೆಗೆ, ಸ್ಥಿರ ಕ್ಷೇತ್ರ ಬೇರೆ, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ (50 ಹರ್ಟ್ಜ್) ಕರೆಂಟ್ ತಂತಿಯ ಕ್ಷೇತ್ರ ಬೇರೆ, ಮೆಗಾಹರ್ಟ್ಜ್‌ನ ರೇಡಿಯೋ ಅಲೆ ಬೇರೆ. ದೇಹದೊಳಗೆ ಇವು ಮಾಡುವ ಕೆಲಸವೂ ಬೇರೆಬೇರೆ. ‘ಕಾಂತಕ್ಷೇತ್ರದ ಪರಿಣಾಮ’ ಎಂದು ತಲೆಬರಹ ಹಾಕಿ ಬಲವನ್ನಾಗಲಿ ಆವರ್ತನವನ್ನಾಗಲಿ ಹೇಳದ ಬರಹವನ್ನು ಪಕ್ಕಕ್ಕಿಡಿ.

ಬಿಡಿ ಅಯಸ್ಕಾಂತ ಏಕೆ ಬೇಡ ಎಂಬುದಕ್ಕೂ ಇದೇ ಲೆಕ್ಕ ಸಾಕು. 10 ಮಿಲಿಮೀಟರ್ ವ್ಯಾಸ, ಅಷ್ಟೇ ಎತ್ತರದ ನಿಯೋಡಿಮಿಯಂ ತುಂಡೊಂದನ್ನು ತೆಗೆದುಕೊಳ್ಳಿ. ಅದರ ಮುಖದ ಮೇಲೆ ಸುಮಾರು ಅರ್ಧ ಟೆಸ್ಲಾ. ಅಕ್ಷದ ನೇರದಲ್ಲಿ 10 ಸೆಂಟಿಮೀಟರ್ ದೂರ ಹೋದರೆ 150 ಮೈಕ್ರೋಟೆಸ್ಲಾ, 20ರಲ್ಲಿ 19, 30ರಲ್ಲಿ 5 ಅಥವಾ 6, ಅರ್ಧ ಮೀಟರಿನಲ್ಲಿ ಒಂದು ಚಿಲ್ಲರೆ. ದೂರ ಇಮ್ಮಡಿಯಾದರೆ ಬಲ ಎಂಟನೇ ಒಂದಕ್ಕೆ ಇಳಿಯುತ್ತದೆ. 30 ಸೆಂಟಿಮೀಟರ್ ಉದ್ದದ ಪಂಜರದ ಒಂದು ತುದಿಯಿಂದ 10 ಸೆಂಟಿಮೀಟರ್ ಆಚೆ ಇದನ್ನಿಟ್ಟರೆ, ಈ ತುದಿಯಲ್ಲಿ ಕೂತ ಇಲಿಗೆ ಸಿಗುವ ಕ್ಷೇತ್ರ ಆ ತುದಿಯಲ್ಲಿ ಕೂತ ಇಲಿಗೆ ಸಿಗುವುದರ ಅರವತ್ತು ಪಟ್ಟಿಗಿಂತ ಹೆಚ್ಚು. ಬಲವೊಂದೇ ಅಲ್ಲ, ದಿಕ್ಕೂ ಪ್ರತಿ ಹೆಜ್ಜೆಗೆ ತಿರುಗುತ್ತದೆ. ಇಲಿ ಎಲ್ಲಿ ಎಷ್ಟು ಹೊತ್ತು ಕೂತಿತ್ತು ಎಂದು ಗೊತ್ತಿಲ್ಲದಿದ್ದರೆ ಅದಕ್ಕೆ ಸಿಕ್ಕ ಪ್ರಮಾಣವೂ ಗೊತ್ತಾಗುವುದಿಲ್ಲ. ಪ್ರಮಾಣ ಗೊತ್ತಿಲ್ಲದ ಔಷಧಿ ಕೊಟ್ಟು ಪರಿಣಾಮ ಅಳೆದ ಹಾಗೆ.

ಈಗ ಗಟ್ಟಿಯಾಗಿ ಗೊತ್ತಿರುವ ಭಾಗಕ್ಕೆ ಬರೋಣ. ಯುರೋಪಿನ ರಾಬಿನ್ ಹಕ್ಕಿ ವಲಸೆಯ ಕಾಲದಲ್ಲಿ ಪಂಜರದೊಳಗೂ ತಾನು ಹೋಗಬೇಕಾದ ದಿಕ್ಕಿಗೇ ಹಾರಲು ಹವಣಿಸುತ್ತದೆ. ಸುತ್ತ ಕಾಯಿಲ್ (ಕರೆಂಟ್ ಹರಿಸುವ ತಂತಿಯ ಸುರುಳಿ) ಇಟ್ಟು ಕಾಂತೀಯ ಉತ್ತರವನ್ನು ತಿರುಗಿಸಿದರೆ ಅದರ ಹವಣಿಕೆಯೂ ಅಷ್ಟೇ ತಿರುಗುತ್ತದೆ. ಫ್ರಾಂಕ್‌ಫರ್ಟಿನಲ್ಲಿ ವುಲ್ಫ್‌ಗಾಂಗ್ ವಿಲ್ಚ್‌ಕೊ ಇದನ್ನು 1960ರ ದಶಕದಲ್ಲಿ ತೋರಿಸಿದರು. 1972ರಲ್ಲಿ ರೋಸ್ವಿತಾ ವಿಲ್ಚ್‌ಕೊ ಜೊತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಹಕ್ಕಿಯ ದಿಕ್ಸೂಚಿ ನಮ್ಮದರಂತೆ ಉತ್ತರ, ದಕ್ಷಿಣ ಧ್ರುವಗಳನ್ನು ಗುರುತಿಸುವುದಿಲ್ಲ ಎಂದು ಕಂಡುಕೊಂಡರು. ಕ್ಷೇತ್ರರೇಖೆ ನೆಲದತ್ತ ಯಾವ ಕಡೆ ವಾಲಿದೆ ಎಂಬುದನ್ನಷ್ಟೇ ಅದು ಓದುತ್ತದೆ. ಇದರಿಂದ ಪ್ರಯೋಗ ಮಾಡುವವರು ಬೀಳುವ ಒಂದು ಹಳ್ಳವೂ ಉಂಟು. ಕ್ಷೇತ್ರವನ್ನು ಪೂರ್ತಿ ತಲೆಕೆಳಗು ಮಾಡಿದರೆ, ಅಂದರೆ ನೆಲಕ್ಕೆ ಸಮಾಂತರವಾದ ಅಡ್ಡ ಭಾಗ, ಮೇಲೆ-ಕೆಳಗಿನ ಲಂಬ ಭಾಗ ಎರಡನ್ನೂ ತಿರುಗಿಸಿದರೆ, ರಾಬಿನ್ನಿಗೆ ಏನೂ ಬದಲಾಗುವುದಿಲ್ಲ. ರೇಖೆಯ ವಾಲಿಕೆ ಮೊದಲಿನಂತೆಯೇ ಇರುತ್ತದೆ. ಧ್ರುವ ಬದಲಿಸಿ ನೋಡಿದೆವು, ಹಕ್ಕಿಗೆ ಗೊತ್ತಾಗಲಿಲ್ಲ ಎಂದು ಬರೆದುಬಿಟ್ಟರೆ ತಪ್ಪು ತೀರ್ಮಾನ. ಜಾಂಬಿಯಾದ ಬಿಲವಾಸಿ ಮೋಲ್ ಇಲಿಗಳದು ಬೇರೆ ಬಗೆ. ದುಂಡನೆಯ ಬಯಲಿನಲ್ಲಿ (ಪರೀಕ್ಷೆಗೆಂದು ಮಾಡಿದ ತೆರೆದ ಅಂಕಣದಲ್ಲಿ) ಬಿಟ್ಟರೆ ಅವು ಗೂಡನ್ನು ಆಗ್ನೇಯ ಭಾಗದಲ್ಲೇ ಕಟ್ಟಲು ಒಲಿಯುತ್ತವೆ, ಕ್ಷೇತ್ರ ತಿರುಗಿಸಿದರೆ ಗೂಡೂ ಸ್ಥಳ ಬದಲಿಸುತ್ತದೆ, ಅದೂ ಕತ್ತಲಲ್ಲಿ. ಅವುಗಳದು ಧ್ರುವ ಗುರುತಿಸುವ ದಿಕ್ಸೂಚಿ.

ಇವೆಲ್ಲ ಹುಟ್ಟುಗುಣ. ಕಲಿಸಿದರೆ ಕಲಿಯುತ್ತವೆಯೇ? ಇಲ್ಲಿ ಸಂಶೋಧಕರು ಬಹಳ ಕಾಲ ಒದ್ದಾಡಿದರು. ಪಾರಿವಾಳವನ್ನು ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿ, ಕ್ಷೇತ್ರ ಹಾಕಿದಾಗ ಈ ಗುಂಡಿ, ತೆಗೆದಾಗ ಆ ಗುಂಡಿ ಎಂದು ಕಲಿಸಲು ಹೊರಟ ಪ್ರಯತ್ನಗಳು ಒಂದರ ಮೇಲೊಂದು ಸೋತವು. 2004ರಲ್ಲಿ ನ್ಯೂಜಿಲೆಂಡಿನ ಕೋರ್ಡುಲಾ ಮೋರಾ ಮತ್ತು ಸಂಗಡಿಗರು ವಿನ್ಯಾಸ ಬದಲಿಸಿದರು. ಮರದ ಉದ್ದ ಸುರಂಗ, ಎರಡು ತುದಿಗೂ ಕಾಳಿನ ತಟ್ಟೆ, ಸುತ್ತ ಕಾಯಿಲ್. ಕಾಯಿಲ್ಲಿಗೆ ಕರೆಂಟ್ ಇದ್ದಾಗ ಒಂದು ತುದಿಯಲ್ಲಿ ಕಾಳು, ಇಲ್ಲದಾಗ ಇನ್ನೊಂದರಲ್ಲಿ. ಪಾರಿವಾಳಗಳು ಕಲಿತವು. ಕೊಕ್ಕಿನ ಬುಡಕ್ಕೆ ಅಯಸ್ಕಾಂತ ಅಂಟಿಸಿದಾಗ ಅಥವಾ ಅಲ್ಲಿಗೆ ಮರಗಟ್ಟಿಸುವ ಔಷಧಿ ಹಾಕಿದಾಗ ಸಾಮರ್ಥ್ಯ ಕುಗ್ಗಿತು. ಕೊಕ್ಕಿನ ಮೇಲ್ಭಾಗದಿಂದ ಮಿದುಳಿಗೆ ಹೋಗುವ ಟ್ರೈಜೆಮಿನಲ್ ನರದ ಶಾಖೆಯನ್ನು ಕತ್ತರಿಸಿದಾಗ ಇಲ್ಲವಾಯಿತು. ಮೊದಲಿನವರು ಸೋತು ಇವರು ಗೆದ್ದದ್ದಕ್ಕೆ ನನ್ನ ಲೆಕ್ಕದಲ್ಲಿ ಕಾರಣ ಎರಡು. ಸುರಂಗದಲ್ಲಿ ಹಕ್ಕಿ ನಡೆಯುತ್ತದೆ, ನಡೆಯುತ್ತ ಕ್ಷೇತ್ರದ ಏರಿಳಿತವನ್ನು ದಾಟುತ್ತದೆ. ಅದರ ಉತ್ತರವೂ ‘ಎಲ್ಲಿಗೆ ಹೋಗಲಿ’ ಎಂಬುದಕ್ಕೆ ಕೊಡುವ ಉತ್ತರ. ದಾರಿ ತೋರಲೆಂದೇ ಇರುವ ಇಂದ್ರಿಯವನ್ನು ಗುಂಡಿ ಕುಕ್ಕಲು ಬಳಸು ಎಂದರೆ ಪ್ರಾಣಿ ಅದನ್ನು ಗಮನಕ್ಕೇ ತೆಗೆದುಕೊಳ್ಳುವುದಿಲ್ಲ.

ಮಾರ್ಟಿನ್ ಬಿಟರ್‌ಮನ್ ಮತ್ತು ಮೈಕೆಲ್ ವಾಕರ್ 1980ರ ದಶಕದಲ್ಲಿ ಹವಾಯಿಯಲ್ಲಿ ಜೇನುನೊಣಗಳಿಗೆ ಕಲಿಸಿದ್ದೂ ಇದೇ ಬಗೆಯಲ್ಲಿ. ನೊಣಗಳು ಸ್ವತಂತ್ರವಾಗಿ ಹಾರಿಬಂದು, ಎರಡು ತಟ್ಟೆಗಳಲ್ಲಿ ಕಾಂತೀಯ ಏರಿಳಿತ ಇರುವ ಒಂದನ್ನು ಸಕ್ಕರೆ ನೀರಿಗಾಗಿ ಆರಿಸಬೇಕಿತ್ತು. ಹೊಟ್ಟೆಯ ಮುಂಭಾಗಕ್ಕೆ ಕಾಂತೀಯ ತಂತಿಯ ತುಣುಕು ಅಂಟಿಸಿದಾಗ ನೊಣಗಳಿಗೆ ವ್ಯತ್ಯಾಸ ತಿಳಿಯದಾಯಿತು. ತಾಮ್ರದ ತುಣುಕು ಅಂಟಿಸಿದಾಗ ತೊಂದರೆ ಆಗಲಿಲ್ಲ. ಈ ತಾಮ್ರದ ತುಣುಕನ್ನು ಗಮನಿಸಿ. ಅದಿಲ್ಲದಿದ್ದರೆ ಹೊಟ್ಟೆಗೆ ಏನೋ ಅಂಟಿಕೊಂಡ ಕಿರಿಕಿರಿಗೇ ನೊಣ ತಡವರಿಸಿತು ಎನ್ನಬಹುದಿತ್ತು.

ಇತ್ತೀಚಿನ ಅತ್ಯಂತ ಅಚ್ಚುಕಟ್ಟಾದ ಪುರಾವೆ ಕಡಲಾಮೆಯದು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಕೆನ್ನೆತ್ ಲೋಮನ್ ತಂಡದ ಕೇಲಾ ಗೋಫೋರ್ತ್ ಮತ್ತಿತರರು 2025ರಲ್ಲಿ ಪ್ರಕಟಿಸಿದ್ದು. ಲಾಗರ್‌ಹೆಡ್ ಜಾತಿಯ ಮರಿಗಳನ್ನು ತೊಟ್ಟಿಯಲ್ಲಿ ಬಿಟ್ಟು, ಕಾಯಿಲ್‌ಗಳಿಂದ ಸಾಗರದ ಎರಡು ದೂರದ ಜಾಗಗಳ ಕಾಂತಕ್ಷೇತ್ರವನ್ನು ಸರದಿಯಂತೆ ಕೊಟ್ಟರು. ಎರಡರಲ್ಲೂ ಕಳೆದ ಹೊತ್ತು ಸಮ. ಆಹಾರ ಮಾತ್ರ ಒಂದರಲ್ಲೇ. ಊಟ ಸಿಗುವ ಸೂಚನೆ ಕಂಡರೆ ಸೆರೆಯಲ್ಲಿ ಬೆಳೆದ ಆಮೆಮರಿ ತಲೆ ನೀರಿನಿಂದ ಮೇಲೆತ್ತಿ, ಬಾಯಿ ತೆರೆದು, ಮುಂಗಾಲು ಬಡಿಯುತ್ತ ಸುತ್ತು ಹಾಕುತ್ತದೆ. ಪರೀಕ್ಷೆಯ ದಿನ ಆಹಾರವೇ ಇಲ್ಲದಿದ್ದರೂ ಊಟದ ಕ್ಷೇತ್ರದಲ್ಲಿ ಈ ಕುಣಿತ ಹೆಚ್ಚು. ತಿಂಗಳುಗಳ ನಂತರವೂ ನೆನಪು ಉಳಿದಿತ್ತು. ಆಮೇಲೆ ರೇಡಿಯೋ ಆವರ್ತನದ ಅಲೆ ಬಿಟ್ಟಾಗ ಆಮೆಗಳ ದಿಕ್ಕು ಹಿಡಿಯುವ ಶಕ್ತಿ ಕೆಟ್ಟಿತು, ಊಟದ ಜಾಗದ ಕುಣಿತ ಕೆಡಲಿಲ್ಲ. ‘ಯಾವ ಕಡೆ’ ಎಂದು ಹೇಳುವ ಇಂದ್ರಿಯ, ‘ಎಲ್ಲಿದ್ದೇನೆ’ ಎಂದು ಹೇಳುವ ಇಂದ್ರಿಯ ಎರಡೂ ಒಂದೇ ಅಲ್ಲ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಇಂದ್ರಿಯ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ನಿಮ್ಮ ಪ್ರಯೋಗಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಹಕ್ಕಿಗಳ ದಿಕ್ಸೂಚಿ ಕಣ್ಣಿನ ಕ್ರಿಪ್ಟೋಕ್ರೋಮ್ ಪ್ರೋಟೀನಿನಲ್ಲಿ ಬೆಳಕು ಬಿದ್ದಾಗ ಹುಟ್ಟುವ ರಾಡಿಕಲ್ (ಒಂಟಿ ಎಲೆಕ್ಟ್ರಾನ್ ಉಳ್ಳ ಅಣು) ಜೋಡಿಗಳಿಂದ ನಡೆಯುತ್ತದೆ ಎಂಬುದು ಇಂದು ಹೆಚ್ಚು ಬೆಂಬಲ ಇರುವ ವಾದ. ಹಾಗಾಗಿ ಅದಕ್ಕೆ ನೀಲಿ, ಹಸಿರು ಬೆಳಕು ಬೇಕು, ಬರಿಯ ಕೆಂಪು ಬೆಳಕಿನಲ್ಲಿ ತಪ್ಪುತ್ತದೆ. ಇನ್ನೊಂದು ವಾದ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಆಕ್ಸೈಡಿನ ಕಣಗಳದು. ಇದಕ್ಕೆ ಬೆಳಕು ಬೇಡ, ಆದರೆ ಅರ್ಧ ಟೆಸ್ಲಾದಷ್ಟು ಬಲದ, ಕೆಲವೇ ಮಿಲಿಸೆಕೆಂಡಿನ ಹೊಡೆತ ಕೊಟ್ಟರೆ ಕಣಗಳ ಕಾಂತತ್ವ ಏರುಪೇರಾಗಬೇಕು. ಆಸ್ಟ್ರೇಲಿಯಾದ ಸಿಲ್ವರ್‌ಐ ಹಕ್ಕಿಗಳಿಗೆ ಅಂಥ ಹೊಡೆತ ಕೊಟ್ಟಾಗ ಒಮ್ಮೆ ವಲಸೆ ಮಾಡಿದ್ದ ಹಿರಿಯ ಹಕ್ಕಿಗಳು ದಿಕ್ಕು ತಪ್ಪಿದವು, ಮೊದಲ ವಲಸೆಗೂ ಹೊರಡದ ಮರಿಗಳು ತಪ್ಪಲಿಲ್ಲ. ಕಲಿತ ನಕ್ಷೆ ಇರುವವಕ್ಕೆ ಮಾತ್ರ ಕೆಡಲು ನಕ್ಷೆ ಇರುತ್ತದೆ. ಪಾರಿವಾಳದ ಕೊಕ್ಕಿನಲ್ಲಿ ಕಂಡ ಕಬ್ಬಿಣದ ಕೋಶಗಳೇ ಆ ಇಂದ್ರಿಯ ಎಂಬ ನಂಬಿಕೆಯನ್ನು ಮಾತ್ರ 2012ರಲ್ಲಿ ಡೇವಿಡ್ ಕೀಸ್ ತಂಡ ಒಡೆಯಿತು. ಅವು ಕಬ್ಬಿಣವನ್ನು ನುಂಗಿ ಕೂಡಿಟ್ಟುಕೊಳ್ಳುವ ರಕ್ಷಣಾ ಕೋಶಗಳು, ನರಕೋಶಗಳಲ್ಲ.

ಇನ್ನು ಎರಡನೆಯ ಪ್ರಶ್ನೆ: ಕ್ಷೇತ್ರ ಕಲಿಕೆಯನ್ನು ಬದಲಿಸುತ್ತದೆಯೇ? ಇಲ್ಲಿ ಒಂದು ಉದಾಹರಣೆಯನ್ನು ತಂಡದವರೆಲ್ಲ ಕೂತು ಓದಬೇಕು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಹೌಪ್ಟ್ ತಂಡ ಇಲಿಗಳಿಗೆ ಸಿಹಿ ದ್ರಾವಣ ಕುಡಿಸಿ, ಕೂಡಲೇ 7 ಟೆಸ್ಲಾ ಮತ್ತು ಅದಕ್ಕೂ ಹೆಚ್ಚು ಬಲದ ಅಯಸ್ಕಾಂತದ ಕೊಳವೆಯಲ್ಲಿ 30 ನಿಮಿಷ ಇಟ್ಟಿತು. ಮುಂದಿನ ದಿನಗಳಲ್ಲಿ ಇಲಿಗಳು ಆ ಸಿಹಿಯನ್ನು ಮುಟ್ಟಲು ಒಲ್ಲೆ ಎಂದವು. ಹೊಟ್ಟೆ ಕೆಡಿಸಿದ ತಿಂಡಿಯನ್ನು ದೂರ ಮಾಡುವ ಅದೇ ಬಗೆಯ ಕಲಿಕೆ. ಅಂಥದೇ ಕೊಳವೆಯಲ್ಲಿ ಕ್ಷೇತ್ರವಿಲ್ಲದೆ ಕೂತ ಇಲಿಗಳು ಸಿಹಿಯನ್ನು ಬಿಡಲಿಲ್ಲ. ಕಾಂತಕ್ಷೇತ್ರ ಮಿದುಳಿನ ಕಲಿಕೆಯ ಯಂತ್ರಕ್ಕೇ ಕೈಹಾಕಿತೇ? ಹೊರಬಿಟ್ಟ ಇಲಿ ಏನು ಮಾಡುತ್ತಿತ್ತು ಎಂಬುದರಲ್ಲಿ ಉತ್ತರ ಇತ್ತು: ನೆಲದ ಮೇಲೆ ಒಂದೇ ಕಡೆಗೆ ಬಿಗಿಯಾಗಿ ಸುತ್ತು ಹೊಡೆಯುತ್ತಿತ್ತು. ಕೊಳವೆಯಲ್ಲಿ ತಲೆಯ ದಿಕ್ಕು ತಿರುಗಿಸಿ ಇಟ್ಟರೆ ಸುತ್ತುವ ದಿಕ್ಕೂ ತಿರುಗುತ್ತಿತ್ತು. ಒಳಗಿವಿಯ ಸಮತೋಲನ ಅಂಗವನ್ನು ನಾಶ ಮಾಡಿದ ಇಲಿಗಳಲ್ಲಿ ಸುತ್ತುವುದೂ ಇಲ್ಲ, ಸಿಹಿಯ ಮೇಲಿನ ಮುನಿಸೂ ಇಲ್ಲ. ಅಂದರೆ ಇಲಿಗೆ ತಲೆ ಸುತ್ತು ಬಂದಿತ್ತು, ತಲೆ ಸುತ್ತಿಗೆ ಸಿಹಿಯೇ ಕಾರಣ ಎಂದು ಅದರ ಮಿದುಳು ಸರಿಯಾಗಿಯೇ ಕಲಿತಿತ್ತು.

ಮನುಷ್ಯರಲ್ಲೂ 7 ಟೆಸ್ಲಾ ಎಂಆರ್‌ಐ ಒಳಗೆ ಕಣ್ಣುಗುಡ್ಡೆ ತಾನಾಗಿ ಓಲಾಡುತ್ತದೆ ಎಂದು 2011ರಲ್ಲಿ ಡೇಲ್ ರಾಬರ್ಟ್ಸ್ ಮತ್ತು ಸಂಗಡಿಗರು ತೋರಿಸಿದರು. ಒಳಗಿವಿಯ ದ್ರವದಲ್ಲಿ ಸದಾ ಹರಿಯುವ ಅಯಾನು ಪ್ರವಾಹದ ಮೇಲೆ ಬಲವಾದ ಕ್ಷೇತ್ರ ಬಲ ಹಾಕಿ, ದ್ರವ ಸಂವೇದಕದ ಪೊರೆಯನ್ನು ತಳ್ಳುತ್ತದೆ ಎಂಬುದು ಅವರ ವಿವರಣೆ. ಈಗ ಯೋಚಿಸಿ: ಇದೇ ಇಲಿಯನ್ನು ಕೊಳವೆಯಿಂದ ತೆಗೆದು ನೇರವಾಗಿ ವ್ಯೂಹದೊಳಗೆ ಬಿಟ್ಟು ಸಮಯ ಅಳೆದಿದ್ದರೆ ‘ಬಲವಾದ ಕಾಂತಕ್ಷೇತ್ರದಿಂದ ಸ್ಮರಣಶಕ್ತಿ ಕುಸಿತ’ ಎಂಬ ಪ್ರಬಂಧ ಸಿದ್ಧವಾಗುತ್ತಿತ್ತು.

50, 60 ಹರ್ಟ್ಜ್ ಕ್ಷೇತ್ರದ ಕೆಲಸಗಳನ್ನೂ ಹೀಗೆಯೇ ಓದಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ಲಾಯ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳನ್ನು ಪ್ರತಿ ತರಬೇತಿಗೂ ಮುಂಚೆ ಒಂದು ಗಂಟೆ 60 ಹರ್ಟ್ಜ್, 1 ಮಿಲಿಟೆಸ್ಲಾ ಕ್ಷೇತ್ರದಲ್ಲಿಟ್ಟು ನೀರಿನ ತೊಟ್ಟಿಗೆ ಬಿಡಲಾಯಿತು. ಮುಳುಗಿದ ಹಲಗೆಯನ್ನು ಹುಡುಕಲು ಕಲಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಲಗೆ ತೆಗೆದು ಪರೀಕ್ಷಿಸಿದಾಗ ಮಾತ್ರ ಕ್ಷೇತ್ರದಲ್ಲಿದ್ದ ಇಲಿಗಳು ಸರಿಯಾದ ಕಾಲುಭಾಗದಲ್ಲಿ ಕಡಿಮೆ ಹೊತ್ತು ಕಳೆದವು. ಜೊತೆಗೆ ಅವುಗಳ ಈಜಿನ ವೇಗವೂ ಕಡಿಮೆ ಇತ್ತು. ವೇಗ ಬದಲಾದ ಪ್ರಾಣಿಯ ನೆನಪು ಬದಲಾಗಿದೆಯೇ ಎಂದು ಹೇಳಲು ಬರಿಯ ಸೆಕೆಂಡುಗಳ ಲೆಕ್ಕ ಸಾಲದು. ಭೌತಶಾಸ್ತ್ರದ ಕಡೆಯಿಂದಲೂ ನೋಡಿ: ಇಲಿಯ ದೇಹದಲ್ಲಿ 2 ಸೆಂಟಿಮೀಟರ್ ತ್ರಿಜ್ಯದ ಸುತ್ತಿನಲ್ಲಿ ಈ ಕ್ಷೇತ್ರ ಹುಟ್ಟಿಸುವ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 4 ಮಿಲಿವೋಲ್ಟ್. ತಲೆಗೆ ಕಾಂತೀಯ ಹೊಡೆತ ಕೊಟ್ಟು ನರಗಳನ್ನು ಚುರುಕುಗೊಳಿಸುವ ಟಿಎಂಎಸ್ ಚಿಕಿತ್ಸೆಯಲ್ಲಿ ಇದು ಮೀಟರಿಗೆ 100 ವೋಲ್ಟ್ ಆಸುಪಾಸು. ನೆನಪು ಹೆಚ್ಚಿಸುವ ಕಾಂತೀಯ ಚಿಕಿತ್ಸೆ ಎಂಬ ಸುದ್ದಿಗಳು ಬಹುಪಾಲು ಈ ಟಿಎಂಎಸ್ ಬಗೆಯವು. ಅದನ್ನು ಅಯಸ್ಕಾಂತದ ತುಂಡಿಗೆ ಅನ್ವಯಿಸುವುದು ಅರ್ಥವಿಲ್ಲದ ಮಾತು, ಏಕೆಂದರೆ ಸುಮ್ಮನೆ ಕೂತ ಅಯಸ್ಕಾಂತ ಸುಮ್ಮನೆ ಕೂತ ಪ್ರಾಣಿಯಲ್ಲಿ ವಿದ್ಯುತ್ತನ್ನೇ ಹುಟ್ಟಿಸುವುದಿಲ್ಲ.

ಕ್ಷೇತ್ರವನ್ನು ತೆಗೆದುಹಾಕಿದರೆ ಏನಾಗುತ್ತದೆ ಎಂಬುದೂ ಕುತೂಹಲದ ವಿಷಯ. ಒಂದು ಮೈಕ್ರೋಟೆಸ್ಲಾಗಿಂತ ಕಡಿಮೆ ಕ್ಷೇತ್ರದಲ್ಲಿ ವಾರಗಟ್ಟಲೆ ಇಟ್ಟ, ಮೌಸ್ ಎಂಬ ಸಣ್ಣ ಜಾತಿಯ ಇಲಿಗಳಲ್ಲಿ, ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳ ಹುಟ್ಟು ತಗ್ಗಿ, ಅದನ್ನು ಅವಲಂಬಿಸಿದ ಕಲಿಕೆಯೂ ಕುಗ್ಗಿತೆಂದು ಚೀನಾದ ತಂಡವೊಂದು 2021ರಲ್ಲಿ ವರದಿ ಮಾಡಿತು. ಬೇರೆ ಲ್ಯಾಬುಗಳು ಮತ್ತೆ ಮಾಡಿ ನೋಡಬೇಕಾದ ಕೆಲಸ ಇದು. ಮತ್ತೆ ಮಾಡಿ ನೋಡುವುದು ಎಷ್ಟು ಮುಖ್ಯ ಎಂಬುದಕ್ಕೆ ಹಣ್ಣುನೊಣದ ಕಥೆ ಇದೆ. ಸಕ್ಕರೆ ಕೊಟ್ಟು ಕಾಂತಕ್ಷೇತ್ರ ಗುರುತಿಸುವುದನ್ನು ಹಣ್ಣುನೊಣಕ್ಕೆ ಕಲಿಸಬಹುದು, ಅದಕ್ಕೆ ಕ್ರಿಪ್ಟೋಕ್ರೋಮ್ ಬೇಕು ಎಂದು 2008ರಲ್ಲಿ ಬಂದ ಪ್ರಬಂಧ ಬಹಳ ಹೆಸರು ಮಾಡಿತು. 2023ರಲ್ಲಿ ಮಾರ್ಕೊ ಬಸೆಟ್ಟೊ ಮತ್ತು ಸಂಗಡಿಗರು ರೇಡಿಯೋ ಗದ್ದಲ ತಡೆದ ಕೋಣೆಯಲ್ಲಿ 97,658 ನೊಣಗಳನ್ನು ಎರಡು ಕೈಗಳ ವ್ಯೂಹದಲ್ಲಿ ಪರೀಕ್ಷಿಸಿದರು. ಕ್ಷೇತ್ರದ ಪರಿಣಾಮ ಕಾಣಲಿಲ್ಲ. ಹತ್ತಿಪ್ಪತ್ತು ಇಲಿಗಳಲ್ಲಿ ಸಿಕ್ಕ ವ್ಯತ್ಯಾಸವನ್ನು ಎಷ್ಟು ನಂಬಬೇಕು ಎಂದು ತಂಡದವರು ಕೇಳಿದರೆ ಈ ಸಂಖ್ಯೆ ತೋರಿಸಿ.

ಈಗ ನಿಮ್ಮ ಪ್ರಯೋಗ. ನನ್ನ ಸಲಹೆ ಇಲಿ ಬೇಡ, ಕ್ಷೇತ್ರದಿಂದ ಕಲಿಕೆ ಕೆಡುತ್ತದೆಯೇ ಎಂಬ ಪ್ರಶ್ನೆಯೂ ಬೇಡ. ಪ್ರಾಣಿ ಕ್ಷೇತ್ರವನ್ನೇ ಗುರುತಾಗಿ ಬಳಸುತ್ತದೆಯೇ ಎಂದು ಕೇಳಿ. ಅದಕ್ಕೆ ಕೋಳಿಮರಿ ಒಳ್ಳೆಯದು. 2005ರಲ್ಲಿ ರಾಫೆಲ್ ಫ್ರೈರೆ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ ಹೊಸದಾಗಿ ಮೊಟ್ಟೆಯೊಡೆದ ಮರಿಗಳಿಗೆ ಕೆಂಪು ಟೇಬಲ್ ಟೆನಿಸ್ ಚೆಂಡೇ ತಾಯಿ, ಏಕೆಂದರೆ ಕೋಳಿಮರಿ ಹುಟ್ಟಿದ ಹೊಸತರಲ್ಲಿ ಕಂಡ ವಸ್ತುವನ್ನೇ ತಾಯಿಯೆಂದು ಹಚ್ಚಿಕೊಳ್ಳುತ್ತದೆ. ಬಿಳಿಯ ಚೌಕ ಬಯಲಿನಲ್ಲಿ ನಾಲ್ಕು ಮರೆಗಳು. ಚೆಂಡನ್ನು ಸದಾ ಒಂದೇ ಕಾಂತೀಯ ದಿಕ್ಕಿನ ಮರೆಯ ಹಿಂದೆ ಅಡಗಿಸಿ, ಹುಡುಕಲು ಮರಿಗೆ ಕಲಿಸಲಾಯಿತು. ಆಮೇಲೆ ಉತ್ತರವನ್ನು 90 ಡಿಗ್ರಿ ತಿರುಗಿಸಿದಾಗ ಮರಿಗಳು ಹುಡುಕುವ ಅಕ್ಷವೂ ಹಾಗೇ ತಿರುಗಿತು. ನೀಲಿ ಬೆಳಕಿನಲ್ಲಿ ಇದು ನಡೆಯುತ್ತದೆ, ಕೆಂಪಿನಲ್ಲಿ ನಡೆಯುವುದಿಲ್ಲ ಎಂದೂ ಮುಂದೆ ತಿಳಿಯಿತು. ಕಶೇರುಕ ಪ್ರಾಣಿಯಾದ್ದರಿಂದ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಬೇಕು.

ಕಾಯಿಲ್ ಮಾಡುವುದು ಕಷ್ಟವಲ್ಲ. ಒಂದೇ ಅಳತೆಯ ಎರಡು ದುಂಡು ಚೌಕಟ್ಟುಗಳನ್ನು ಅವುಗಳ ತ್ರಿಜ್ಯದಷ್ಟೇ ಅಂತರದಲ್ಲಿ ಎದುರುಬದುರು ನಿಲ್ಲಿಸಿದರೆ ಅದು ಹೆಲ್ಮ್‌ಹೋಲ್ಟ್ಜ್ ಜೋಡಿ. ತ್ರಿಜ್ಯ 50 ಸೆಂಟಿಮೀಟರ್, ಪ್ರತಿ ಚೌಕಟ್ಟಿಗೆ 30 ಸುತ್ತು ಎನಾಮೆಲ್ ತಾಮ್ರದ ತಂತಿ, ಒಂದು ಆಂಪಿಯರ್ ಕರೆಂಟ್: ನಡುವಿನಲ್ಲಿ ಸಿಗುವುದು ಸುಮಾರು 54 ಮೈಕ್ರೋಟೆಸ್ಲಾ. ಸುತ್ತು ಹೆಚ್ಚಿದಷ್ಟು, ಕರೆಂಟ್ ಹೆಚ್ಚಿದಷ್ಟು ಕ್ಷೇತ್ರ ಹೆಚ್ಚು. ತ್ರಿಜ್ಯ ಹೆಚ್ಚಿದಷ್ಟು ಕಡಿಮೆ. ಅಕ್ಷದ ಮೇಲೆ ನಡುವಿನಿಂದ ಎರಡೂ ಕಡೆ 15 ಸೆಂಟಿಮೀಟರ್ ವರೆಗೆ ಕ್ಷೇತ್ರ ಶೇಕಡಾ ಒಂದರೊಳಗೆ ಸಮನಾಗಿರುತ್ತದೆ. ಹಾಗಾಗಿ ಬಯಲು 30 ಸೆಂಟಿಮೀಟರಿಗಿಂತ ದೊಡ್ಡದಾಗಬಾರದು. 60 ಬೇಕಿದ್ದರೆ ತ್ರಿಜ್ಯ ಒಂದು ಮೀಟರ್, ಸುತ್ತು 60 ಮಾಡಿ. ಚೌಕಟ್ಟು ಮರದ್ದಿರಲಿ, ಸ್ಕ್ರೂ ಹಿತ್ತಾಳೆಯದು. ಹಲವರು ಎಡವುವುದು ಇಲ್ಲೇ: ಮರದ ಚೌಕಟ್ಟಿಗೆ ಕಬ್ಬಿಣದ ಮೊಳೆ, ಕೆಳಗೆ ಕಬ್ಬಿಣದ ಕಾಲಿನ ಮೇಜು.

ಉತ್ತರವನ್ನು ಪೂರ್ವಕ್ಕೆ ತಿರುಗಿಸಲು ಪೂರ್ವ ದಿಕ್ಕಿಗೆ ಕ್ಷೇತ್ರ ಸೇರಿಸಿದರೆ ಸಾಲದು. ಆಗ ಸೂಜಿ ಈಶಾನ್ಯಕ್ಕೆ ನಿಲ್ಲುತ್ತದೆ, ಬಲವೂ ಹೆಚ್ಚುತ್ತದೆ. ಇರುವ ಉತ್ತರದ ಭಾಗವನ್ನು ಅಳಿಸಿ ಅಷ್ಟನ್ನೇ ಪೂರ್ವಕ್ಕೆ ಹಾಕಬೇಕು. ಅಂದರೆ ಕಾಯಿಲ್ಲಿನ ಅಕ್ಷ ವಾಯವ್ಯದಿಂದ ಆಗ್ನೇಯಕ್ಕೆ, ಸೇರಿಸುವ ಕ್ಷೇತ್ರ ಆಗ್ನೇಯದ ಕಡೆಗೆ, ಪ್ರಮಾಣ ಅಡ್ಡ ಭಾಗದ 1.41 ಪಟ್ಟು. ಕೋಣೆಯಲ್ಲಿ ಅಡ್ಡ ಭಾಗ 40 ಮೈಕ್ರೋಟೆಸ್ಲಾ ಇದ್ದರೆ 56.6 ಸೇರಿಸಬೇಕು, ಮೇಲಿನ ಕಾಯಿಲ್ಲಿಗೆ 1.05 ಆಂಪಿಯರ್. ಲಂಬ ಭಾಗಕ್ಕೆ ಕೈಹಾಕದ ಕಾರಣ ಒಟ್ಟು ಬಲವೂ ವಾಲಿಕೆಯೂ ಹಾಗೇ ಉಳಿದು ದಿಕ್ಕು ಮಾತ್ರ ಬದಲಾಗುತ್ತದೆ. ದಿಕ್ಸೂಚಿಯನ್ನು ನಡುವಿನಲ್ಲೂ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಮೊಬೈಲ್‌ನ ಕಾಂತಮಾಪಕ ಅಂದಾಜಿಗೆ ಸಾಕು, ಆದರೆ ಮೊಬೈಲ್ ಸ್ಪೀಕರಿನಲ್ಲೇ ಅಯಸ್ಕಾಂತ ಇದೆ. ಅಳತೆ ಮುಗಿದ ಮೇಲೆ ಹೊರಗೆ ಹೋಗಲಿ. ಸಣ್ಣ ಕ್ಷೇತ್ರವನ್ನು ನಿಖರವಾಗಿ ಅಳೆಯುವ ಫ್ಲಕ್ಸ್‌ಗೇಟ್ ಮಾಪಕ ಎರವಲು ಸಿಕ್ಕರೆ ಅದೇ ಉತ್ತಮ.

ತಂತಿಯನ್ನು ಒಂದೇ ಎಳೆಯಾಗಿ 30 ಸುತ್ತು ಸುತ್ತಬೇಡಿ. ಎರಡು ಎಳೆಗಳನ್ನು ಜೊತೆಜೊತೆಗೆ 15 ಸುತ್ತು ಸುತ್ತಿ. ಎರಡರಲ್ಲೂ ಕರೆಂಟ್ ಒಂದೇ ಕಡೆ ಹರಿದರೆ 30 ಸುತ್ತಿನ ಕ್ಷೇತ್ರ. ಒಂದು ಎಳೆಯನ್ನು ಸ್ವಿಚ್ಚಿನಿಂದ ತಿರುಗಿಸಿದರೆ ಒಂದನ್ನೊಂದು ರದ್ದು ಮಾಡಿ ಕ್ಷೇತ್ರ ಸೊನ್ನೆ. ಕರೆಂಟ್, ಬಿಸಿ ಎರಡರಲ್ಲೂ ಅಷ್ಟೇ. ಒಂದು ಚದರ ಮಿಲಿಮೀಟರ್ ತಂತಿಯಾದರೆ ಎರಡು ಚೌಕಟ್ಟಿಗೂ ಸೇರಿ ಸುಮಾರು 190 ಮೀಟರ್ ಬೇಕು, ರೋಧ 3.2 ಓಮ್, ಬಿಸಿ ಮೂರೂವರೆ ವಾಟ್ ಆಸುಪಾಸು. ಚಿಕ್ಕದೆನಿಸಬಹುದು, ಆದರೆ ಕಾಯಿಲ್ ಆನ್ ಮಾಡಿದ ಗುಂಪನ್ನು ಆಫ್ ಮಾಡಿದ ಗುಂಪಿಗೆ ಹೋಲಿಸಿದ ಹಳೆಯ ಪ್ರಯೋಗಗಳಲ್ಲಿ ಪ್ರಾಣಿಗಳು ಬಿಸಿಗೆ ಸ್ಪಂದಿಸಿದವೋ ಕ್ಷೇತ್ರಕ್ಕೋ ಎಂದು ಬಿಡಿಸಲಾಗದ್ದು ಇದರಿಂದಲೇ. 50 ಹರ್ಟ್ಜ್ ಕರೆಂಟ್ ಹಾಯಿಸುವವರಿಗೆ ಇನ್ನೂ ಒಂದು ಕಾಟ: ಸುತ್ತುಗಳು ಒಂದನ್ನೊಂದು ಎಳೆದು 100 ಹರ್ಟ್ಜ್‌ನಲ್ಲಿ ನಡುಗುತ್ತವೆ. ಆ ನಡುಕ ಇಲಿಯ ಪಾದಕ್ಕೆ ಗೊತ್ತಾಗುತ್ತದೆ. ಇಲಿಯ ಕಿವಿ ಸುಮಾರು 80 ಕಿಲೋಹರ್ಟ್ಜ್ ವರೆಗೆ ಕೇಳುವುದರಿಂದ, ನಮಗೆ ನಿಶ್ಶಬ್ದವೆನಿಸುವ ಪವರ್ ಸಪ್ಲೈ ಅದಕ್ಕೆ ಕಿರುಚುತ್ತಿರಲೂಬಹುದು.

ಸಪ್ಲೈ ಬಗ್ಗೆ ಇನ್ನೊಂದು ಮಾತು. ಸ್ವಿಚಿಂಗ್ ಬಗೆಯದು, ಲ್ಯಾಪ್‌ಟಾಪ್ ಚಾರ್ಜರ್, ಅಗ್ಗದ ಎಲ್‌ಇಡಿ ದೀಪದ ಡ್ರೈವರ್ ಇವೆಲ್ಲ ಕಿಲೋಹರ್ಟ್ಜ್‌ನಿಂದ ಮೆಗಾಹರ್ಟ್ಜ್ ವರೆಗೆ ಗದ್ದಲ ಎಬ್ಬಿಸುತ್ತವೆ. ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿ ರಾಬಿನ್‌ಗಳು ದಿಕ್ಕನ್ನೇ ಹಿಡಿಯುತ್ತಿರಲಿಲ್ಲ. ಮರದ ಗುಡಿಸಲಿಗೆ ಅಲ್ಯೂಮಿನಿಯಂ ಹೊದಿಸಿ ಅರ್ಥಿಂಗ್ ಕೊಟ್ಟ ಮೇಲೆ ಹಿಡಿದವು, ಅರ್ಥಿಂಗ್ ಕಿತ್ತರೆ ಮತ್ತೆ ತಪ್ಪಿದವು. ಹೆನ್ರಿಕ್ ಮೌರಿಟ್ಸೆನ್ ತಂಡ ಇದನ್ನು 2014ರಲ್ಲಿ ಪ್ರಕಟಿಸಿತು. ನೀವು ಸ್ವಿಚಿಂಗ್ ಇಲ್ಲದ ಲೀನಿಯರ್ ಸಪ್ಲೈ ಅಥವಾ ಬ್ಯಾಟರಿ ಬಳಸಿ, ಅದನ್ನೂ ಪಕ್ಕದ ಕೋಣೆಯಲ್ಲಿಡಿ. ಕರೆಂಟನ್ನು ಸ್ಥಿರವಾಗಿಡುವ ಸರ್ಕ್ಯೂಟ್ ಇರಲೇಬೇಕು. ತಂತಿ ಬಿಸಿಯಾದಂತೆ ರೋಧ ಏರಿ ಕ್ಷೇತ್ರ ಇಳಿಯುತ್ತದೆ.

ಬಯಲಿನ ಮೇಲೆ ಹರಡಿದ ಬಿಳಿ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳಲಿ. ಕಿಟಕಿ, ಗೋಡೆಯ ಪಟ, ನಿಂತು ನೋಡುವ ವಿದ್ಯಾರ್ಥಿ ಯಾವುದೂ ಮರಿಗೆ ಕಾಣಬಾರದು. ಬೇರೆ ಸುಳಿವು ಇದ್ದಾಗ ಪ್ರಾಣಿ ಕಾಂತೀಯ ಸುಳಿವನ್ನು ಕೈಬಿಡುತ್ತದೆ. ವಿಲಿಯಂ ಕೀಟನ್ 1971ರಲ್ಲಿ ಪಾರಿವಾಳಗಳ ಬೆನ್ನಿಗೆ ಅಯಸ್ಕಾಂತ ಕಟ್ಟಿದಾಗ ಮೋಡ ಕವಿದ ದಿನ ಅವು ದಿಕ್ಕು ತಪ್ಪಿದವು, ಬಿಸಿಲಿದ್ದ ದಿನ ಸೂರ್ಯನನ್ನು ನೋಡಿಕೊಂಡು ಮನೆಗೆ ಹೋದವು. ಆ ಫಲಿತಾಂಶವೂ ಮುಂದಿನ ಪ್ರಯತ್ನಗಳಲ್ಲಿ ಅಷ್ಟು ಸ್ಪಷ್ಟವಾಗಿ ಮರಳಿ ಸಿಗಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ತರಬೇತಿಯಲ್ಲಿ ಪ್ರತಿ ಸರದಿಗೂ ಬಯಲನ್ನೇ ಕಾಲುಸುತ್ತು ತಿರುಗಿಸಿ, ಮರೆಗಳನ್ನು ಅದಲುಬದಲು ಮಾಡಿ, ನೆಲವನ್ನು ಸ್ಪಿರಿಟ್‌ನಿಂದ ಒರೆಸಿ. ಪರೀಕ್ಷೆಯಲ್ಲಿ ಚೆಂಡು ಇರಬಾರದು. ಕ್ಷೇತ್ರ ತಿರುಗಿದೆಯೋ ಇಲ್ಲವೋ ಎಂಬುದು ಮರಿಯನ್ನು ಬಿಡುವವರಿಗೂ ವಿಡಿಯೋ ನೋಡಿ ಎಣಿಸುವವರಿಗೂ ಗೊತ್ತಿರಬಾರದು. ಸ್ವಿಚ್ ಬೇರೆ ಕೋಣೆಯಲ್ಲಿರುವವರ ಕೈಯಲ್ಲಿ, ಸರದಿ ಮೊದಲೇ ಚೀಟಿ ಎತ್ತಿ ಬರೆದಿಟ್ಟದ್ದು.

ಎಣಿಕೆಯಲ್ಲಿ ಆಗುವ ದೊಡ್ಡ ತಪ್ಪು ಒಂದೇ ಮರಿಯ ಹತ್ತು ಓಟಗಳನ್ನು ಹತ್ತು ಮರಿಗಳೆಂದು ಲೆಕ್ಕ ಹಾಕುವುದು. ಒಂದು ಮರಿಗೆ ಒಂದು ಅಂಕಿ. ನಾಲ್ಕು ಮರೆಗಳಲ್ಲಿ ಸರಿಯಾದ್ದನ್ನು ಆಕಸ್ಮಿಕವಾಗಿ ಆರಿಸುವ ಸಾಧ್ಯತೆ ಶೇಕಡಾ 25. 20 ಮರಿಗಳಿದ್ದರೆ ಕನಿಷ್ಠ 9 ಸರಿಯಾದ್ದಕ್ಕೇ ಹೋಗಬೇಕು, ಆಗ ಮಾತ್ರ ಬರಿಯ ಆಕಸ್ಮಿಕದಿಂದಲೇ ಅಷ್ಟು ಬರುವ ಸಾಧ್ಯತೆ ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಅಕ್ಷವನ್ನಷ್ಟೇ ಎಣಿಸುವುದಾದರೆ, ಅಂದರೆ ಎದುರುಬದುರಿನ ಎರಡು ಮರೆಗಳಲ್ಲಿ ಯಾವುದಾದರೂ ಸರಿ ಎಂದರೆ, 20ರಲ್ಲಿ 15 ಬೇಕು. 14 ಬಂದರೆ ಸಾಲದು. ಎರಡರಲ್ಲಿ ಯಾವುದನ್ನು ಎಣಿಸುತ್ತೀರಿ ಎಂದು ಮೊದಲೇ ಬರೆದಿಟ್ಟು ಸಹಿ ಹಾಕಿ, ಫಲಿತಾಂಶ ನೋಡಿ ಆರಿಸುವ ಹಾಗಿಲ್ಲ. ಕರೆಂಟ್, ಸುತ್ತು, ಅಳೆದ ಕ್ಷೇತ್ರದ ಮೂರೂ ಭಾಗ, ದೀಪದ ಬಗೆ, ಎರಡೂ ಸ್ಥಿತಿಯಲ್ಲಿ ಬಯಲಿನ ಉಷ್ಣತೆ ಇವೆಲ್ಲ ವರದಿಯಲ್ಲಿರಲಿ.

ಮರಿಗಳು ಅಕ್ಷ ತಿರುಗಿಸಿದವು ಎಂದೇ ಬಂದರೆ ಕೂಡಲೇ ಹೊಸ 20 ಮರಿಗಳೊಂದಿಗೆ ಅದೇ ಕರೆಂಟ್ ಹರಿಸಿ, ಎಳೆಗಳನ್ನು ಮಾತ್ರ ವಿರುದ್ಧ ದಿಕ್ಕಿಗೆ ಹಾಕಿ ಪರೀಕ್ಷೆ ಮಾಡಿ. ಆಗಲೂ ಅವು ಅದೇ ಹೊಸ ಅಕ್ಷದಲ್ಲಿ ಹುಡುಕಿದರೆ ಕಾಯಿಲ್ಲಿನ ಬಿಸಿಯನ್ನೋ ಸದ್ದನ್ನೋ ಹಿಡಿದು ನಡೆಯುತ್ತಿವೆ ಎಂದರ್ಥ. ಕಾಂತಕ್ಷೇತ್ರದ ಹೆಸರು ಬರೆಯುವ ಮೊದಲು ಅದೇನೆಂದು ಹುಡುಕಬೇಕು.